ಶಾತೊ-ಶಾಲೋಂ: ಫ್ರಿಜ್ ಬಿಟ್ಟ ಮೇಲೆ ಸಿಕ್ಕ ರುಚಿ

ಮುಚ್ಚಳ ತೆಗೆದ ವೈಟ್ ವೈನ್ ಅನ್ನು ಮೂರು ವಾರ ಇಟ್ಟು ಕುಡಿಯುತ್ತೇನೆ ಅಂದಾಗ ಲಿಯೋನ್‌ನ ನಮ್ಮ ಟೇಸ್ಟಿಂಗ್ ಗುಂಪಿನವರು ನಕ್ಕಿದ್ದರು. ಈಗ ಅವರೇ "ಉಳಿದಿದೆಯಾ?" ಅಂತ ಕೇಳುತ್ತಾರೆ.

ಅದೇ ಶಾತೊ-ಶಾಲೋಂ, ಪೂರ್ವ ಫ್ರಾನ್ಸಿನ ಜೂರಾ ಸೀಮೆಯ ವ್ಯಾಂ ಜೋನ್, ಅಂದರೆ ಹಳದಿ ವೈನ್. ಸಾವಾನ್ಯಾಂ ದ್ರಾಕ್ಷಿ, ಪೂರ್ತಿ ತುಂಬಿಸದ ಪೀಪಾಯಿ, ಮೇಲೆ ಯೀಸ್ಟ್ ಪೊರೆ, ಆರು ವರ್ಷ ಕಾಯಬೇಕು. ಬಾಟಲಿ 62 ಸೆಂಟಿಲೀಟರ್ ಮಾತ್ರ, ನಾನು ಕೊಟ್ಟಿದ್ದು 60 ಯೂರೊ ಆಸುಪಾಸು. ಅಂಗಡಿಯವನು ಚೆನ್ನಾಗಿ ತಣ್ಣಗೆ ಮಾಡಿ ಅಂದ. ಮಾಡಿದೆ. ಬರೀ ಹುಳಿ, ವಾಸನೆಯೇ ಇಲ್ಲ. ಮುಂದಿನದನ್ನು ರೆಡ್ ವೈನ್ ಆದ ಮೇಲೆ ಸುರಿದೆವು, ಕೆಟ್ಟ ಶೆರ್ರಿ (ಸ್ಪೇನಿನ ವೈನ್) ಥರ ಇದೆ ಅಂದರು. ನೂರು ಯೂರೊ ಮೇಲೆ ನೀರುಪಾಲು!

ಈಗ ಹಿಂದಿನ ಸಂಜೆಯೇ ತೆಗೆದು, ಒಂದು ಸಣ್ಣ ಗ್ಲಾಸಿನಷ್ಟು ಬಗ್ಗಿಸಿ, ಕಾರ್ಕ್ ಸಡಿಲವಾಗಿ ಇಟ್ಟು, ತಂಪು ಕೋಣೆಯಲ್ಲಿ ಬಿಡುತ್ತೇನೆ. 15-16 ಡಿಗ್ರಿ ಸಾಕು. ಮೊದಲು ಆಕ್ರೋಟು, ಹಸಿರು ಸೇಬು. ಆಮೇಲೆ ನಿಧಾನಕ್ಕೆ ಹುರಿದ ಮೆಂತ್ಯ. ಸುಮ್ನೆ ಹೇಳುತ್ತಿಲ್ಲ, ಮೆಂತ್ಯದ ಘಮಕ್ಕೂ ಇದಕ್ಕೂ ಕಾರಣ ಒಂದೇ, ಸೊಟೊಲಾನ್ ಅನ್ನುವ ರಾಸಾಯನಿಕ. ಫ್ರೆಂಚರು ಮಸಾಲೆ ಪುಡಿ (ಕರಿ ಪೌಡರ್) ಅಂತ ತಡಕಾಡುವಾಗ ನಾನು ಮೊದಲ ಮೂಸಿಗೇ ಹಿಡಿದುಬಿಟ್ಟಿರುತ್ತೇನೆ. ನನ್ನ ಪ್ರಕಾರ ನಾಲ್ಕೈದನೇ ದಿನ ಅತ್ಯುತ್ತಮ. ವರ್ಷಗಟ್ಟಲೆ ಪೊರೆಯ ಕೆಳಗೆ ಗಾಳಿ ಜೊತೆ ಏಗಿದ ವೈನ್ ಒಂದು ವಾರಕ್ಕೆ ಸಾಯುತ್ತಾ? 2018ರಲ್ಲಿ 1774ರ ಒಂದು ವ್ಯಾಂ ಜೋನ್ ಬಾಟಲಿ ಹರಾಜಿನಲ್ಲಿ ಒಂದು ಲಕ್ಷ ಯೂರೊಗಿಂತ ಜಾಸ್ತಿಗೆ ಹೋಯಿತು, ಅಷ್ಟು ಗಟ್ಟಿ ಜಾತಿ ಇದು.

ಜೊತೆಗೆ ಕೋಂತೆ ಚೀಸ್, ಒಂದೂವರೆ ವರ್ಷಕ್ಕಿಂತ ಹಳೆಯದು. ಎಳೆಯದು ದಂಡ. ಮೊರೆಲ್ ಅಣಬೆ, ಕ್ರೀಮ್ ಹಾಕಿದ ಕೋಳಿ ಮಾಡುವಾಗ ಅಗ್ಗದ ಸಾವಾನ್ಯಾಂ ವೈನ್‌ನಲ್ಲಿ ಬೇಯಿಸಿ, ಇಳಿಸುವ ಮುಂಚೆ ಎರಡು ಚಮಚ ಅಸಲಿ ವ್ಯಾಂ ಜೋನ್ ಹಾಕುತ್ತೇನೆ. ಇನ್ನೊಂದು ಸಾಮಾನೂ ಬೀಳುತ್ತದೆ, ಅದು ಮನೆ ಗುಟ್ಟು. ಊರಿನ ಅಡುಗೆ ಜೊತೆಗೂ ನೋಡಿದೆ. ಬಿಸಿಬೇಳೆಬಾತ್ ಸೋತಿತು, ಹುಣಸೆ, ಖಾರ ಎರಡೂ ವೈನನ್ನು ನುಂಗಿಹಾಕಿದವು. ಖಾರವಿಲ್ಲದ ಗೋಡಂಬಿ ಕುರ್ಮ ಗೆದ್ದಿತು. ತುಪ್ಪದಲ್ಲಿ ಹುರಿದ ಬರೀ ಗೋಡಂಬಿ ಅದಕ್ಕಿಂತ ಚೆನ್ನ, ಖರ್ಚೂ ಕಮ್ಮಿ.

ಯಾರ ತೋಟದ್ದು ಅಂತ ಮಾತ್ರ ಕೇಳಬೇಡಿ. ಅವರು ನನಗೆ ಕೊಡುವುದೇ ವರ್ಷಕ್ಕೆ ನಾಲ್ಕಾರು ಬಾಟಲಿ.