ಸಹಿ ಯಾರದ್ದು? ವಿದ್ಯಾರ್ಥಿ ಕೌನ್ಸಿಲ್ ಪ್ರಣಾಳಿಕೆಯನ್ನು ತೂಗಿ ನೋಡುವ ಬಗೆ

ಕಾಲೇಜಿನ ವಿದ್ಯಾರ್ಥಿ ಕೌನ್ಸಿಲ್ಲಿಗೆ ನಿಂತವರು ಗೋಡೆಗೆ ಹಚ್ಚಿದ ಪೋಸ್ಟರಿನಲ್ಲಿ ಹನ್ನೆರಡು ಭರವಸೆಗಳಿವೆ ಅನ್ನಿ. ಯಾವುದು ಒಳ್ಳೆಯದು, ಯಾವುದು ಕೆಟ್ಟದು ಎಂದು ಗುರುತು ಹಾಕಲು ಹೋಗಬೇಡಿ. ಹನ್ನೆರಡೂ ಒಳ್ಳೆಯವೇ ಇರುತ್ತವೆ. ಕುಡಿಯುವ ನೀರು ಬೇಡ ಅನ್ನುವವರು ಯಾರಿದ್ದಾರೆ? ಪ್ರತಿಯೊಂದರ ಪಕ್ಕ ಪೆನ್ಸಿಲಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತಾ ಹೋಗಿ: ಈ ಕೆಲಸ ಆಗಬೇಕಾದರೆ ಕೊನೆಯ ಸಹಿ ಯಾರು ಹಾಕಬೇಕು? ವಿಮರ್ಶೆಯ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ.

ಮೊದಲು ನಿಮ್ಮ ಕ್ಯಾಂಪಸ್ಸಿನಲ್ಲಿ ಯಾವ ಬಗೆಯ ಚುನಾವಣೆ ಎಂದು ತಿಳಿದುಕೊಳ್ಳಿ. ಮಹಾರಾಷ್ಟ್ರದಲ್ಲಿ 1990ರ ದಶಕದಲ್ಲಿ ನೇರ ಚುನಾವಣೆ ನಿಂತುಹೋಯಿತು. 2016ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯ 99ನೇ ಕಲಮು ಅದನ್ನು ಕಾಗದದ ಮೇಲೆ ಮರಳಿ ತಂದಿತು: ಅಧ್ಯಕ್ಷ, ಕಾರ್ಯದರ್ಶಿ, ಒಬ್ಬ ಮಹಿಳಾ ಪ್ರತಿನಿಧಿ, ಮೀಸಲು ವರ್ಗದ ಒಬ್ಬ ಪ್ರತಿನಿಧಿ, ಜೊತೆಗೆ ಕ್ಲಾಸಿಗೊಬ್ಬರು. 2019ರಲ್ಲಿ ಇನ್ನೇನು ನಡೆದೇಬಿಡುತ್ತದೆ ಅನ್ನುವಾಗ ವಿಧಾನಸಭಾ ಚುನಾವಣೆ ಎದುರಿಗಿದೆಯೆಂದು ಮುಂದಕ್ಕೆ ಹೋಯಿತು. ಹಾಗಾಗಿ ಮುಂಬಯಿ, ಪುಣೆಯ ಎಷ್ಟೋ ಕಾಲೇಜುಗಳಲ್ಲಿ ಕೌನ್ಸಿಲ್ ಅಂದರೆ ಸಂದರ್ಶನ ಮಾಡಿ ಆರಿಸಿದ ತಂಡ. ಪವಯಿಯ ಐಐಟಿಯಲ್ಲಿ ಮತ ಬೀಳುತ್ತದೆ. ಗೋವೆಯ ಕಾಲೇಜುಗಳಲ್ಲೂ ಕ್ಲಾಸ್ ಪ್ರತಿನಿಧಿ, ಜನರಲ್ ಸೆಕ್ರೆಟರಿ ಚುನಾವಣೆಯ ರೂಢಿ ಇದೆ. ಮತವಿರಲಿ, ಸಂದರ್ಶನವಿರಲಿ, ಸ್ಥಾನ ಕೇಳುವವರು ಭರವಸೆ ಕೊಟ್ಟೇ ಕೊಡುತ್ತಾರೆ. ಅದನ್ನು ತೂಗುವ ಕ್ರಮ ಎರಡು ಕಡೆಯೂ ಒಂದೇ.

ಭರವಸೆಗಳನ್ನು ನಿಮ್ಮ ಮಾತಿನಲ್ಲಿ ಸಂಗ್ರಹಿಸಬೇಡಿ. ಪೋಸ್ಟರಿನ ಫೋಟೋ ತೆಗೆಯಿರಿ, ವಾಟ್ಸಾಪ್ ಸಂದೇಶವಾದರೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ವಾಕ್ಯವನ್ನು ಅಕ್ಷರಶಃ ನಕಲು ಮಾಡಿ. ಮುಂಬಯಿ, ಪುಣೆಯ ಕಡೆ ನಮ್ಮಲ್ಲಿ ಮರಾಠಿ ಜಾಹೀರ್‌ನಾಮಾ ಒಂದಾದರೆ ಇಂಗ್ಲಿಷ್ ಮ್ಯಾನಿಫೆಸ್ಟೋ ಇನ್ನೊಂದು, ಮಾತಿನ ಪ್ರಚಾರ ಹಿಂದಿಯಲ್ಲಿ. ಕನ್ನಡಕ್ಕೆ ತರುವಾಗ ಜಾರುವುದು ಕ್ರಿಯಾಪದ. 'ಪಾಠಪುರಾವಾ ಕರೂ' ಅಂದರೆ ಬೆನ್ನು ಹತ್ತಿ ಕೇಳುತ್ತಿರುತ್ತೇವೆ ಎಂದಷ್ಟೇ. ಅದನ್ನು 'ಮಾಡಿಸುತ್ತೇವೆ' ಎಂದು ಬರೆದರೆ ಅವರು ಕೊಡದ ಮಾತನ್ನು ನೀವೇ ಕೊಟ್ಟಂತಾಯಿತು. 'ನಿವೇದನ್ ದೇವೂ' ಅಂದರೆ ಮನವಿ ಪತ್ರ ಕೊಡುತ್ತೇವೆ. ಪತ್ರ ಕೊಟ್ಟ ದಿನವೇ ಆ ಭರವಸೆ ಈಡೇರಿದ ಹಾಗೆ, ನಲ್ಲಿಯಲ್ಲಿ ನೀರು ಬರಲಿ, ಬಿಡಲಿ. ಕನ್ನಡದಲ್ಲೂ 'ಶ್ರಮಿಸುತ್ತೇನೆ', 'ಒತ್ತಾಯಿಸುತ್ತೇನೆ' ಇದೇ ಜಾತಿಯವು. ಇಂಥ ಪದಗಳ ಕೆಳಗೆ ಗೆರೆ ಎಳೆದು, ಮಾಡುವ ಮಾತು ಎಷ್ಟು, ಕೇಳುವ ಮಾತು ಎಷ್ಟು ಎಂದು ಎಣಿಸಿ. ಕೇಳುವ ಮಾತಿನಲ್ಲಿ ತಪ್ಪೇನೂ ಇಲ್ಲ. ಅದು ಮಾಡುವ ಮಾತಿನ ವೇಷ ಹಾಕಿಕೊಂಡು ಬಂದಾಗ ಮಾತ್ರ ಬೊಟ್ಟು ಮಾಡಿ ತೋರಿಸಬೇಕು.

ಈಗ ಸಹಿಯ ವಿಷಯ. ಕೌನ್ಸಿಲ್ ತಾನೇ ಮಾಡಬಲ್ಲದ್ದು ಕಡಿಮೆ: ಕಾರ್ಯಕ್ರಮದ ದಿನಾಂಕ, ಸ್ಪರ್ಧೆಗಳ ಆಯ್ಕೆಯ ವಿಧಾನ, ತನ್ನ ಖರ್ಚಿನ ಲೆಕ್ಕ ನೋಟಿಸ್ ಬೋರ್ಡಿಗೆ ಹಾಕುವುದು. ಗ್ರಂಥಾಲಯದ ವೇಳೆ, ಆಫೀಸ್ ಕಿಟಕಿಯ ವೇಳೆ, ಕಾಮನ್ ರೂಮಿನ ಬೀಗ ಇವೆಲ್ಲ ಪ್ರಾಂಶುಪಾಲರ ಕೈಯಲ್ಲಿ. ಹಣ ಬೇಕಾದದ್ದು ಆಡಳಿತ ಮಂಡಳಿಗೆ ಹೋಗುತ್ತದೆ. ಅದರ ದಾರಿ ಕಾಲೇಜ್ ಡೆವಲಪ್‌ಮೆಂಟ್ ಕಮಿಟಿ, ಅಂದರೆ ಸಿಡಿಸಿ. ಅದೇ 2016ರ ಕಾಯ್ದೆಯ 97ನೇ ಕಲಮಿನ ಪ್ರಕಾರ ವಿದ್ಯಾರ್ಥಿ ಕೌನ್ಸಿಲ್ಲಿನ ಅಧ್ಯಕ್ಷ, ಕಾರ್ಯದರ್ಶಿ ಇಬ್ಬರಿಗೂ ಅಲ್ಲಿ ಕುರ್ಚಿ ಇದೆ, ಸಭೆ ವರ್ಷಕ್ಕೆ ಕಡೇಪಕ್ಷ ನಾಲ್ಕು ಸಲ ಸೇರಬೇಕು, ವಾರ್ಷಿಕ ಬಜೆಟ್ ಶಿಫಾರಸು ಮಾಡುವುದೂ ಅದೇ. ಪೋಸ್ಟರಿನಲ್ಲಿ ಸಿಡಿಸಿ ಎಂಬ ಮೂರಕ್ಷರ ಕಂಡರೆ ಆ ಅಭ್ಯರ್ಥಿ ಸ್ವಲ್ಪ ಮನೆಪಾಠ ಮಾಡಿದ್ದಾರೆ ಎಂದು ತಿಳಿಯಿರಿ. ತೀರಾ ಕಡಿಮೆ ಸಲ ಕಾಣುತ್ತದೆ.

ಅದರಾಚೆಗಿನದು ಕಾಲೇಜಿನ ಗೇಟಿನಾಚೆಗಿನದು. ಹಾಜರಾತಿಯ ಮಿತಿ ಇಳಿಸುತ್ತೇನೆ ಅನ್ನುವವರಿಗೆ ವಿಶ್ವವಿದ್ಯಾಲಯದ ಆರ್ಡಿನೆನ್ಸ್, ಅಂದರೆ ಅದರ ನಿಯಮ, ಬದಲಿಸುವ ಅಧಿಕಾರವಿಲ್ಲ. ಅನುದಾನವಿಲ್ಲದ ಖಾಸಗಿ ವೃತ್ತಿಪರ ಕಾಲೇಜುಗಳ ಶುಲ್ಕಕ್ಕೆ ಮಹಾರಾಷ್ಟ್ರದ 2015ರ ಕಾಯ್ದೆಯಡಿ ಬೇರೆಯೇ ಪ್ರಾಧಿಕಾರವಿದೆ. 'ಫೀಸ್ ಅರ್ಧ ಮಾಡಿಸುತ್ತೇನೆ' ಅನ್ನುವುದು ಅಂಗೈಯಲ್ಲಿ ಅರಮನೆ ತೋರಿಸಿದ ಹಾಗೆ. ಆದರೆ ಇಲ್ಲೇ ವಿಮರ್ಶಕರೂ ಎಡವುತ್ತಾರೆ: 'ಅಧಿಕಾರವಿಲ್ಲ, ಆದ್ದರಿಂದ ಸುಳ್ಳು' ಎಂದು ಬರೆದು ಮುಗಿಸುತ್ತಾರೆ. ಅಷ್ಟು ಸಾಲದು. ಅದೇ ತೊಂದರೆಯಲ್ಲಿ ಕಾಲೇಜಿನೊಳಗೆ ಸರಿಮಾಡಬಹುದಾದ ತುಂಡು ಯಾವುದು ಎಂದು ಹುಡುಕಬೇಕು.

ಮುಂಬಯಿಯ ಲೋಕಲ್ ಟ್ರೇನಿನ ಕನ್ಸೆಷನ್ನನ್ನೇ ತೆಗೆದುಕೊಳ್ಳಿ. ವಿರಾರಿನಿಂದ, ಡೊಂಬಿವಲಿಯಿಂದ ಬರುವವರಿಗೆ ಇದಕ್ಕಿಂತ ದೊಡ್ಡ ವಿಷಯವಿಲ್ಲ. 'ಎಲ್ಲರಿಗೂ ರೈಲ್ವೆ ಕನ್ಸೆಷನ್ ಕೊಡಿಸುತ್ತೇನೆ' ಎಂಬ ಭರವಸೆಗೆ ಅರ್ಥವಿಲ್ಲ. ರಿಯಾಯಿತಿ ರೈಲ್ವೆಯದ್ದು, ಅದು ಈಗಾಗಲೇ ಇದೆ. ಕಾಲೇಜು ಕೊಡುವುದು ಫಾರ್ಮ್ ಮಾತ್ರ. ನಿಜವಾದ ಕಷ್ಟ ಫಾರ್ಮಿನ ಕಿಟಕಿ ಮುಂದಿನ ಸಾಲು. ಅದನ್ನು ಲೆಕ್ಕಕ್ಕೆ ಹಾಕಿ ನೋಡಿ. ಪಾಸ್ ತೆಗೆಸುವವರು 1,200 ಜನ, ಕೆಲಸದ ದಿನ ತಿಂಗಳಿಗೆ 25, ಎಲ್ಲರೂ ತಿಂಗಳ ಪಾಸಿನವರು ಅಂತಿಟ್ಟುಕೊಳ್ಳಿ: ದಿನಕ್ಕೆ 48 ಫಾರ್ಮ್. ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದು, ಮೊಹರು ಒತ್ತಲು ಒಂದಕ್ಕೆ 3 ನಿಮಿಷವಾದರೆ 144 ನಿಮಿಷ ಬೇಕು. ಕಿಟಕಿ ತೆರೆದಿರುವುದು ಒಂದೇ ಗಂಟೆಯಾದರೆ 28 ಜನ ದಿನವೂ ವಾಪಸ್. ಎಲ್ಲರೂ ಮೂರು ತಿಂಗಳ ಪಾಸಿಗೆ ಬದಲಾದರೆ 1,200 ಜನ 75 ದಿನಕ್ಕೆ ಹಂಚಿಹೋಗಿ ದಿನಕ್ಕೆ 16 ಫಾರ್ಮ್, 48 ನಿಮಿಷ. ಇದ್ದ ಗಂಟೆಯಲ್ಲೇ ಮುಗಿಯುತ್ತದೆ. ಆದರೆ ಮೂರು ತಿಂಗಳ ಹಣ ಒಟ್ಟಿಗೆ ಎಲ್ಲರ ಕೈಯಲ್ಲಿರುವುದಿಲ್ಲ. ಅರ್ಧ ಜನ ಬದಲಾದರೂ ದಿನಕ್ಕೆ 32 ಫಾರ್ಮ್, 96 ನಿಮಿಷ. ಅಂದರೆ ಅಭ್ಯರ್ಥಿ ಪ್ರಾಂಶುಪಾಲರಿಂದ ಕೇಳಿ ಪಡೆಯಬೇಕಾದದ್ದು ಇನ್ನೊಂದು 36 ನಿಮಿಷ, ಮತ್ತು ಒಂದು ನೋಟಿಸ್. ಇದೂ ಸರಾಸರಿಯ ಲೆಕ್ಕ. ಪ್ರವೇಶ ಮುಗಿದ ವಾರದಲ್ಲಿ ಹೊಸಬರೆಲ್ಲ ಒಟ್ಟಿಗೆ ಬರುತ್ತಾರೆ, ಆ ವಾರಕ್ಕೆ ಎರಡನೇ ಮೇಜು ಹಾಕುತ್ತೀರಾ ಎಂದೂ ಕೇಳಬೇಕು. ನಿಮ್ಮ ಕಾಲೇಜಿನ ಅಂಕಿಗಳಿಗಾಗಿ ಕಿಟಕಿ ಪಕ್ಕ ಅರ್ಧ ಗಂಟೆ ನಿಂತು ಫಾರ್ಮ್ ಎಣಿಸಿ. ಪುಣೆಯಲ್ಲಿ ಪಿಎಂಪಿಎಂಎಲ್ ಸಿಟಿ ಬಸ್ಸಿನ ಪಾಸಿಗೂ, ಗೋವೆಯಲ್ಲಿ ಕದಂಬ ಬಸ್ಸಿನ ಪಾಸಿಗೂ ಇದೇ ಪ್ರಶ್ನೆ: ರಿಯಾಯಿತಿ ಯಾರದ್ದು, ಕಾಲೇಜಿನ ಪಾಲಿನ ಕಾಗದ ಯಾವುದು?

ರೀಡಿಂಗ್ ರೂಮ್ ಭರವಸೆಗೂ ಹೀಗೇ ಅಂಕಿ ಹಚ್ಚಿ. ಸಂಜೆ 6ರ ಬದಲು ರಾತ್ರಿ 10ರವರೆಗೆ, ತಿಂಗಳಿಗೆ 26 ದಿನ, ಒಬ್ಬ ವಾಚ್‌ಮನ್, ಒಬ್ಬ ಗ್ರಂಥಾಲಯ ಸಹಾಯಕ. 4 ಗಂಟೆ, 2 ಜನ, 26 ದಿನ: 208 ಗಂಟೆ. ದಿನಕ್ಕೆ 8 ಗಂಟೆ, 26 ದಿನ ದುಡಿಯುವ ಒಬ್ಬ ನೌಕರನ ತಿಂಗಳ ಗಂಟೆಗಳೂ 208. ಅಲ್ಲಿಗೆ ಇದು ದೀಪ, ಫ್ಯಾನಿನ ಖರ್ಚಿನ ವಿಷಯವಲ್ಲ, ಒಂದು ಪೂರ್ತಿ ಸಂಬಳದ ವಿಷಯ. ಸಹಿ ಪ್ರಾಂಶುಪಾಲರಿಂದ ಆಡಳಿತ ಮಂಡಳಿಗೆ ದಾಟಿತು. ರಾತ್ರಿ ಹತ್ತರ ಮೇಲೆ ಹುಡುಗಿಯರು ಸ್ಟೇಷನ್ನಿಗೆ ಹೋಗುವುದು ಹೇಗೆ ಎಂಬುದಕ್ಕೆ ಪ್ರಣಾಳಿಕೆಯಲ್ಲಿ ಸಾಲಿಲ್ಲದಿದ್ದರೆ, ಬರೆದವರು ಹಾಸ್ಟೆಲಿನವರಿರಬೇಕು ಎಂದು ಊಹಿಸಬಹುದು. ಹಗಲು ಕೆಲಸ ಮಾಡಿ ಓದುವವರಿಗೆ ಬೆಳಗ್ಗೆ 7ಕ್ಕೇ ಬಾಗಿಲು ತೆರೆದರೆ ಹೆಚ್ಚು ಉಪಯೋಗ.

ಕ್ಯಾಂಟೀನ್ ದರದ ಭರವಸೆಗೆ ನೋಡಬೇಕಾದದ್ದು ಕರಾರು ಪತ್ರ. ದರಪಟ್ಟಿ ಅದರೊಳಗೇ ಸೇರಿರುವುದು ಸಾಮಾನ್ಯ. ಕರಾರು ಮುಗಿಯುವುದು ಯಾವ ತಿಂಗಳು? ಕೌನ್ಸಿಲ್ಲಿನ ಅವಧಿಯ ನಂತರ ಮುಗಿಯುವುದಾದರೆ ಈ ವರ್ಷ ವಡಾಪಾವಿನ ಬೆಲೆ ಇಳಿಯುವುದಿಲ್ಲ. ಬಾಡಿಗೆ, ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಎಂದೂ ಕೇಳಿ. ದರ ಇಳಿಸಿ ಬಾಡಿಗೆ ಹಾಗೇ ಉಳಿಸಿದರೆ ಇಳಿಯುವುದು ಪಲ್ಯದ ಪ್ರಮಾಣ. ಮುಂಬಯಿಯಲ್ಲಿ ಎಷ್ಟೋ ಕ್ಯಾಂಟೀನು ನಡೆಸುವವರು ಉಡುಪಿ, ಕುಂದಾಪುರದ ಕಡೆಯವರು. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಒಂದು ಚಹಾ ಹೇಳಿ 'ಅಣ್ಣ, ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತೆ?' ಅಂದರೆ ಆಫೀಸಿನಲ್ಲಿ ಸಿಗದ ಉತ್ತರ ಸಿಗುವುದುಂಟು. ಬರೆಯುವ ಮೊದಲು ಅದನ್ನು ಆಫೀಸಿನಿಂದ ಖಚಿತ ಮಾಡಿಕೊಳ್ಳಿ, ಅಣ್ಣನ ಹೆಸರು ಎಲ್ಲೂ ಬರಬಾರದು.

ಹಣದ ಮೂಲ ಹೇಳದ ಭರವಸೆಗಳು ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಕಾಲೇಜಿನ ಖರ್ಚಿನ ಸುಳಿವು ನೀವೆಣಿಸಿದಷ್ಟು ಗುಟ್ಟಾಗಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆ ಇದ್ದರೆ ವೆಬ್‌ಸೈಟಿನಲ್ಲಿ ಐಕ್ಯೂಎಸಿ (ಆಂತರಿಕ ಗುಣಮಟ್ಟ ಘಟಕ) ಎಂಬ ಕೊಂಡಿಯ ಕೆಳಗೆ ವರ್ಷವಾರು ಗುಣಮಟ್ಟ ವರದಿ, ಎಕ್ಯೂಎಆರ್, ಇರುತ್ತದೆ. ನಾಲ್ಕನೇ ಮಾನದಂಡದಲ್ಲಿ ಕಟ್ಟಡ, ಗ್ರಂಥಾಲಯ. ಐದನೆಯದರಲ್ಲಿ ವಿದ್ಯಾರ್ಥಿ ಸೌಲಭ್ಯ, ಕೌನ್ಸಿಲ್ ಚಟುವಟಿಕೆ. ಕಳೆದ ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ಓದಿ. ಪ್ರತಿ ವರ್ಷ 'ಸ್ಯಾನಿಟರಿ ಪ್ಯಾಡ್ ಯಂತ್ರ ಅಳವಡಿಸಲಾಗಿದೆ' ಎಂದಿದ್ದು ಈ ವರ್ಷವೂ ಪೋಸ್ಟರಿನಲ್ಲಿ ಅದೇ ಭರವಸೆ ಇದ್ದರೆ, ಹೋಗಿ ಯಂತ್ರ ನೋಡಿ. ಬಹಳ ಸಲ ಯಂತ್ರ ಇರುತ್ತದೆ, ಪ್ಯಾಡ್ ತುಂಬುವವರಿರುವುದಿಲ್ಲ. ವಾಟರ್ ಕೂಲರಿನ ಕಥೆಯೂ ಇದೇ: ಕೊಳ್ಳುವುದು ಒಂದು ಸಲ, ಫಿಲ್ಟರ್ ಬದಲಿಸುವುದು ಪ್ರತಿ ವರ್ಷ. ಆಗ ಅಭ್ಯರ್ಥಿಗೆ ಕೇಳುವ ಪ್ರಶ್ನೆ 'ತರುತ್ತೀರಾ' ಎಂದಲ್ಲ, 'ತುಂಬುವವರು ಯಾರು, ವಾರಕ್ಕೆ ಎಷ್ಟು ಸಲ' ಎಂದು.

ಅನುದಾನಿತ ಕಾಲೇಜಾದರೆ 10 ರೂಪಾಯಿಯ ಆರ್‌ಟಿಐ ಅರ್ಜಿಯೂ ಇದೆ, ಆದರೆ ಉತ್ತರಕ್ಕೆ 30 ದಿನ. 2006ರಲ್ಲಿ ಸುಪ್ರೀಂ ಕೋರ್ಟ್ ಜಾರಿಗೆ ತಂದ ವಿದ್ಯಾರ್ಥಿ ಚುನಾವಣೆ ಕುರಿತ ಲಿಂಗ್ಡೋ ಸಮಿತಿಯ ಶಿಫಾರಸಿನಂತೆ ನಾಮಪತ್ರದಿಂದ ಫಲಿತಾಂಶದವರೆಗಿನ ಇಡೀ ಚುನಾವಣೆಯೇ 10 ದಿನ. ಪೋಸ್ಟರ್ ಕಂಡ ಮೇಲೆ ಅರ್ಜಿ ಬರೆದವರು ಉತ್ತರ ಬರುವಾಗ ಹೊಸ ಕೌನ್ಸಿಲ್ಲಿನ ಫೋಟೋ ನೋಡುತ್ತಿರುತ್ತಾರೆ. ಚುನಾವಣೆ ತರಗತಿ ಶುರುವಾದ 6ರಿಂದ 8 ವಾರದೊಳಗೆ ಎಂಬ ಲೆಕ್ಕವಿರುವುದರಿಂದ ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಿ.

ಇನ್ನೊಂದು ಜಾತಿಯ ಭರವಸೆ ಇದೆ, ಕಾನೂನು ಆಗಲೇ ಕೊಟ್ಟಿದ್ದನ್ನು ತಾನು ಕೊಡುತ್ತೇನೆ ಅನ್ನುವುದು. 'ಫಲಿತಾಂಶ 45 ದಿನದಲ್ಲಿ': ಮಹಾರಾಷ್ಟ್ರದ ಅದೇ 2016ರ ಕಾಯ್ದೆಯ 89ನೇ ಕಲಮು 30 ದಿನಕ್ಕೆ ಪ್ರಯತ್ನಿಸಬೇಕು, ಹೇಗಾದರೂ 45 ದಿನ ಮೀರಬಾರದು ಎಂದೇ ಹೇಳಿದೆ. ಕಲಮು ಇದ್ದೂ 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು, ಉತ್ತರಪತ್ರಿಕೆಗಳನ್ನು ಪರದೆಯ ಮೇಲೆ ತಿದ್ದುವ ಹೊಸ ವ್ಯವಸ್ಥೆಯ ಅವಾಂತರದಿಂದ. 'ಲೈಂಗಿಕ ಕಿರುಕುಳದ ದೂರಿಗೆ ಸಮಿತಿ ಮಾಡುತ್ತೇನೆ': ಯುಜಿಸಿಯ 2015ರ ನಿಯಮದಂತೆ ಆಂತರಿಕ ಸಮಿತಿ ಕಡ್ಡಾಯ, ವಿದ್ಯಾರ್ಥಿಗಳ ಪ್ರಕರಣವಾದರೆ ಅದರಲ್ಲಿ ಚುನಾಯಿತ ಮೂವರು ವಿದ್ಯಾರ್ಥಿಗಳೂ ಇರಬೇಕು. ಆ ಮೂವರ ಚುನಾವಣೆ ನಮ್ಮಲ್ಲಿ ನಡೆದಿದೆಯೇ, ಇಲ್ಲವಾದರೆ ಯಾವ ತಿಂಗಳೊಳಗೆ ಮಾಡಿಸುತ್ತೀರಿ ಎಂಬುದು ಕೇಳಬೇಕಾದ ಪ್ರಶ್ನೆ. ಕುಂದುಕೊರತೆ ಸಮಿತಿಯೂ ಹಾಗೆಯೇ. ಯುಜಿಸಿಯ 2023ರ ನಿಯಮ ಅದಕ್ಕೆ ವರದಿ ಕೊಡಲು 15 ಕೆಲಸದ ದಿನಗಳ ಗಡುವು ಹಾಕಿದೆ.

ಪ್ರಶ್ನೆ ಕಳಿಸುವಾಗ ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ, ಒಂದೇ ಗಡುವು, ತಲೆಗೆ ಮೂರಕ್ಕಿಂತ ಹೆಚ್ಚು ಬೇಡ. 24 ಗಂಟೆ ಸಾಕು. ಉತ್ತರ ಬಾರದಿದ್ದರೆ 'ಉತ್ತರ ಬಂದಿಲ್ಲ' ಎಂದಷ್ಟೇ ಬರೆಯಿರಿ, 'ತಪ್ಪಿಸಿಕೊಂಡರು' ಎಂದು ಬೇಡ. ಅವರಿಗೆ ಅಂದು ಪ್ರಾಕ್ಟಿಕಲ್ ಇದ್ದಿರಬಹುದು. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದು ನಮಗೆ ಒಪ್ಪಿಗೆಯಿಲ್ಲ. ಜನ ಅಂಕ ಓದುತ್ತಾರೆ, ಕಾರಣ ಓದುವುದಿಲ್ಲ. ಆರೂವರೆ ಯಾಕೆ, ಏಳು ಯಾಕಲ್ಲ ಎಂದು ಕೇಳಿದರೆ ಬರೆದವರ ಬಳಿಯೂ ಉತ್ತರವಿರುವುದಿಲ್ಲ. ಒಂದು ಭರವಸೆಗೆ ನಾಲ್ಕು ಸಾಲು ಹೀಗೆ ಬರೆದರೆ ಚೆನ್ನ:

'ರೀಡಿಂಗ್ ರೂಮ್ ರಾತ್ರಿ 10ರವರೆಗೆ ತೆರೆಸುತ್ತೇನೆ. ಸಹಿ: ಆಡಳಿತ ಮಂಡಳಿ, ಸಿಡಿಸಿ ಮೂಲಕ. ಖರ್ಚು: ತಿಂಗಳಿಗೆ 208 ಗಂಟೆಯ ಸಂಬಳ, ಮೂಲ ಹೇಳಿಲ್ಲ. ಅಭ್ಯರ್ಥಿಯ ಉತ್ತರ: ಪರೀಕ್ಷೆಯ ಹಿಂದಿನ ಎರಡು ತಿಂಗಳಿಗೆ ಮಾತ್ರ ಕೇಳುತ್ತೇವೆ. ನಮ್ಮ ಮಾತು: ಹಾಗೆ ತಿದ್ದಿದರೆ ಆಗಬಹುದಾದ ಕೆಲಸ.'

ಪ್ರಣಾಳಿಕೆ ಬಿಟ್ಟು ಮನುಷ್ಯರ ಮೇಲೆ ಹೋಗಬೇಡಿ. ಅಭ್ಯರ್ಥಿಗಳು ಪರಸ್ಪರರ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸವನ್ನಷ್ಟೇ ಟೀಕಿಸಬಹುದು, ಖಾಸಗಿ ಬದುಕನ್ನಲ್ಲ ಎಂದು ಲಿಂಗ್ಡೋ ನಿಯಮಾವಳಿ ಹೇಳುತ್ತದೆ. ಹೊರಗಿನಿಂದ ಬರೆಯುವವರಿಗೂ ಅದೇ ಗೆರೆ ಒಳ್ಳೆಯದು. ಹೊರನಾಡ ಕನ್ನಡಿಗರಾದ ನಮ್ಮ ಒಂದು ದೌರ್ಬಲ್ಯ ಇಲ್ಲಿ ಹೇಳಲೇಬೇಕು. 'ಲೈಬ್ರರಿಗೆ ಕನ್ನಡ ಪುಸ್ತಕ ತರಿಸುತ್ತೇನೆ' ಎಂಬ ಸಾಲು ಕಂಡ ಕೂಡಲೇ ಪೆನ್ಸಿಲ್ ಕೆಳಗಿಡುತ್ತೇವೆ, ಅಭ್ಯರ್ಥಿ ಧಾರವಾಡದವರೋ ಮಂಗಳೂರಿನವರೋ ಎಂದು ವಿಚಾರಿಸಲು ಶುರು ಮಾಡುತ್ತೇವೆ. ಆ ಸಾಲಿಗೂ ಅದೇ ಅಳತೆ: ಎಷ್ಟು ಪುಸ್ತಕ, ಗ್ರಂಥಾಲಯ ಸಮಿತಿಗೆ ಪಟ್ಟಿ ಯಾವಾಗ ಹೋಗುತ್ತದೆ, ಈಗಿರುವ ಕನ್ನಡ ಪುಸ್ತಕಗಳನ್ನು ಕಳೆದ ವರ್ಷ ಎಷ್ಟು ಜನ ತೆಗೆದುಕೊಂಡಿದ್ದಾರೆ? ಗ್ರಂಥಪಾಲರು ಮೊದಲು ಕೇಳುವುದು ಈ ಕೊನೆಯ ಅಂಕಿಯನ್ನೇ.

ಹತ್ತು ದಿನದ ಚುನಾವಣೆಯಲ್ಲಿ ಐದನೇ ದಿನದೊಳಗೆ ವಿಮರ್ಶೆ ಹೊರಬರಬೇಕು, ಅಭ್ಯರ್ಥಿಗಳಿಗೆ ತಿದ್ದಿಕೊಳ್ಳಲು ಸಮಯ ಸಿಗಲಿ. ತಿದ್ದಿಕೊಂಡರೆ ಹಳೆಯ ಸಾಲನ್ನು ಅಳಿಸದೆ ಕೆಳಗೆ ದಿನಾಂಕ ಹಾಕಿ ಹೊಸದನ್ನು ಸೇರಿಸಿ. ಮತದಾನ ಮುಗಿಯುವ ಹಿಂದಿನ 24 ಗಂಟೆ ಪ್ರಚಾರಸಭೆಗೆ ನಿಷೇಧವಿದೆ. ಆ ಹೊತ್ತಿನಲ್ಲಿ ಹೊಸತೇನೂ ಹಾಕಬೇಡಿ, ಉತ್ತರ ಕೊಡಲು ಯಾರಿಗೂ ಅವಕಾಶವಿರುವುದಿಲ್ಲ.

ಫಲಿತಾಂಶ ಬಂದ ಎರಡು ವಾರದೊಳಗೆ ಪ್ರತಿ ಅಭ್ಯರ್ಥಿಯೂ ಖರ್ಚಿನ ಲೆಕ್ಕ ಕೊಡಬೇಕು, ಮಿತಿ 5,000 ರೂಪಾಯಿ. ಅದನ್ನು ಕೇಳಿ ಪಡೆದು ಪ್ರಣಾಳಿಕೆಯ ಫೋಟೋ ಜೊತೆ ಪಿನ್ ಮಾಡಿ ಇಡಿ, ಗೆದ್ದವರ ಭರವಸೆಗಳಲ್ಲಿ ಸಿಡಿಸಿಗೆ ಹೋಗಬೇಕಾದವನ್ನು ಬೇರೆ ಹಾಳೆಗೆ ಇಳಿಸಿ, ಮೊದಲ ಸಿಡಿಸಿ ಸಭೆಯ ದಿನಾಂಕವನ್ನು ಆಫೀಸಿನಲ್ಲಿ ಕೇಳಿ ಆ ಹಾಳೆಯ ತಲೆಗೆ ಬರೆದುಕೊಳ್ಳಿ.