ತೂಕದ ಮಷಿನ್ ಜಾಗ ಬದಲಿಸಿದೆ

ಹುಬ್ಬಳ್ಳಿಯಲ್ಲಿ ಬೊಜ್ಜು ಇಳಿಸಲು ಜಠರದ ಆಪರೇಷನ್ ಆದವರ ಊಟ-ಉಪಚಾರ ನೋಡಿಕೊಳ್ಳುವುದು ನನ್ನ ಕೆಲಸ. ಶುರುವಿನ ತಿಂಗಳುಗಳಲ್ಲಿ ತಪಾಸಣೆ ತಪ್ಪಿಸುವವರು ಕಡಿಮೆ. ರೊಟ್ಟಿ ಯಾವಾಗ ತಿನ್ನಬಹುದು ಅಂತ ಕೇಳಲಾದರೂ ಬರುತ್ತಾರೆ. ವರ್ಷ ತುಂಬುವಷ್ಟರಲ್ಲಿ ಫೈಲ್ ಇರುತ್ತದೆ, ಆಸಾಮಿ ನಾಪತ್ತೆ.

ರೋಣದಿಂದಲೋ ಹಾನಗಲ್ಲಿನಿಂದಲೋ ಬರಬೇಕು, ಒಂದು ದಿನದ ದುಡಿಮೆ ಹಾಳು, ರಕ್ತ ಪರೀಕ್ಷೆಗೆ ದುಡ್ಡು ಬೇರೆ. ಇವು ಎಲ್ಲರಿಗೂ ಗೊತ್ತಿರುವ ಕಾರಣಗಳು. ಫೋನಿನಲ್ಲಿ ಸಲುಗೆಯಿಂದ ಮಾತಾಡಿದಾಗ ಬೇರೆಯವು ಹೊರಬಂದವು. ಕೆಲವರು ಊರಲ್ಲಿ ಹರ್ನಿಯಾ ಆಪರೇಷನ್ ಅಂತ ಹೇಳಿರುತ್ತಾರೆ. ಹರ್ನಿಯಾಕ್ಕೆ ವರ್ಷಗಟ್ಟಲೆ ಯಾರು ದವಾಖಾನೆಗೆ ಓಡಾಡ್ತಾರೆ, ಅಲ್ವಾ? ಇನ್ನು ಕೆಲವರದು ನಾಚಿಕೆ. ಒಂದು-ಒಂದೂವರೆ ವರ್ಷಕ್ಕೆ ತೂಕ ಇಳಿಯುವುದು ನಿಂತು, ಆಮೇಲೆ ಸ್ವಲ್ಪ ಏರುವುದು ಸಾಮಾನ್ಯ. ಆದರೆ ಅಷ್ಟು ಖರ್ಚು ಮಾಡಿಸಿ ಮತ್ತೆ ಏರಿತಲ್ಲ ಅಂತ ಅವರಿಗೆ ಮುಖ ತೋರಿಸಲು ಆಗುವುದಿಲ್ಲ. 'ಬೈತೀರಿ ಅಂತ ಬರಲಿಲ್ರಿ ಮೇಡಂ.'

ಹಾಗಾಗಿ ಎಲ್ಲರ ಕಣ್ಣೆದುರು ಇದ್ದ ತೂಕದ ಮಷಿನ್ನನ್ನು ನನ್ನ ಕೋಣೆಯೊಳಗೆ ತರಿಸಿದೆ. ತೂಕ ಕೊನೆಗೆ, ಅದೂ ಅವರು ಒಪ್ಪಿದರೆ. ಮೊದಲು ಕೇಳುವುದು ಕಾಲಿನ ಬಗ್ಗೆ: ಜೋಮು ಹಿಡಿಯುತ್ತಾ?

ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಆಪರೇಷನ್ ನಂತರ ಊಟದಲ್ಲಿರುವ ವಿಟಮಿನ್ ಬಿ12 ಮೈಗೆ ಸರಿಯಾಗಿ ಹತ್ತುವುದಿಲ್ಲ, ಅದು ಕಡಿಮೆಯಾದರೆ ನರ ಸೊರಗಿ ಕಾಲು ಜೋಮು ಹಿಡಿಯುತ್ತದೆ. ನಮ್ಮಲ್ಲಿ ಸಸ್ಯಾಹಾರಿಗಳು ಜಾಸ್ತಿ, ಹಾಲು-ಮೊಸರಿನಿಂದ ಬರುವುದೇ ಅಷ್ಟಿಷ್ಟು. ಲಿವರ್‌ನಲ್ಲಿರುವ ದಾಸ್ತಾನು ಕೆಲವು ವರ್ಷ ತಳ್ಳುವುದರಿಂದ ಆರಾಮಾಗಿದ್ದೇವೆ ಅನಿಸುತ್ತದೆ, ಮಾತ್ರೆ ನಿಲ್ಲಿಸುತ್ತಾರೆ. ಗದಗ ಕಡೆಯ ಒಬ್ಬ ಶಿಕ್ಷಕಿ ಬಹಳ ದಿನದ ಮೇಲೆ ಬಂದಾಗ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೆಟ್ಟಿಲಲ್ಲಿ ಕಳಚಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಇಂಜೆಕ್ಷನ್ ಶುರುವಾಯಿತು. ಜೋಮು ಕಡಿಮೆಯಾಗಲು ತಿಂಗಳುಗಳೇ ಹಿಡಿದವು.

ಈಗ ರಕ್ತ ಪರೀಕ್ಷೆ ಅವರ ಊರಲ್ಲೇ ಮಾಡಿಸಿ ವಾಟ್ಸಾಪ್ ಮಾಡಿ ಅನ್ನುತ್ತೇನೆ. ಬರುವ ತಾರೀಖನ್ನು ಮದುವೆ ಜವಳಿಗೋ ಸಂತೆಗೋ ಹೊಂದಿಸುತ್ತೇವೆ. ಊರಲ್ಲಿ ನೆಪ ಹುಡುಕುವ ಕಷ್ಟ ಇಲ್ಲ. ಫೋನ್ ಬೇರೆಯವರು ಎತ್ತಿದರೆ ಯಾರು ಅಂತ ಹೇಳಬೇಕು ಅನ್ನುವುದನ್ನು ಡಿಸ್ಚಾರ್ಜ್ ದಿನವೇ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಒಬ್ಬರ ಪಾಲಿಗೆ ನಾನು ಎಲ್‌ಐಸಿ ಏಜೆಂಟ್.

ಗಂಡಸರು ಮಾತ್ರ ಇನ್ನೂ ಬಗ್ಗಿಲ್ಲ. 'ಆರಾಮ ಅದೀನ್ರಿ' ಅಂತ ಫೋನಲ್ಲೇ ಮುಗಿಸುತ್ತಾರೆ. ಅವರ ಒಪ್ಪಿಗೆ ಮೊದಲೇ ಪಡೆದು ಹೆಂಡತಿಯ ನಂಬರ್ ಇಟ್ಟುಕೊಂಡಿದ್ದೇನೆ. ಅಲ್ಲಿಗೆ ಫೋನ್ ಹೋದರೆ ಅದೇ ವಾರ ಬರುತ್ತಾರೆ, ಮುಖ ಊದಿಸಿಕೊಂಡಾದರೂ.