ಕ್ಯಾಲಿಫೋರ್ನಿಯಾದಲ್ಲಿ ಕಾರಿಗೆ ಪೆಟ್ಟಾದರೆ ಎಸ್‌ಆರ್-1 ಮರೆಯಬೇಡಿ

ಈ ಸಲ ರಜೆಗೆ ಕಲಬುರಗಿಗೆ ಬಂದಾಗ ನಮ್ಮ ಓಣಿಯ ಇಬ್ಬರು ಹುಡುಗರು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದರು. ಖಡಕ್ ರೊಟ್ಟಿ ಎಷ್ಟು ಕಟ್ಟಿಕೊಳ್ಳಲಿ, ಶೇಂಗಾ ಹಿಂಡಿ ಒಯ್ಯಬಹುದಾ ಅಂತ ಎಲ್ಲಾ ಕೇಳಿದರು. ಕಾರ್ ಆಕ್ಸಿಡೆಂಟ್ ಆದರೆ ಏನು ಮಾಡಬೇಕು ಅಂತ ಮಾತ್ರ ಕೇಳಲಿಲ್ಲ. ನಾನು ಹೊರಡುವಾಗಲೂ ಕೇಳಿರಲಿಲ್ಲ.

ನಮ್ಮ ಸೂಪರ್ ಮಾರ್ಕೆಟ್ ಕಡೆ ಗಾಡಿಗೆ ಗಾಡಿ ತಾಗಿದರೆ ನಾಲ್ಕು ಮಂದಿ ಸೇರುತ್ತಾರೆ. ಹಿರಿಯರೊಬ್ಬರು ನಡುವೆ ಬರುತ್ತಾರೆ, ಸ್ವಲ್ಪ ರೊಕ್ಕ ಕೊಟ್ಟು ಮಾತು ಮುಗಿಯುತ್ತದೆ. ಅಲ್ಲಿ ಹಾಗಲ್ಲ. ಯಾರಿಗಾದರೂ ಸಣ್ಣ ಗಾಯವಾದರೂ, ಯಾರಾದರೂ ಸತ್ತರೂ, ಇಲ್ಲವೇ ಯಾರದೇ ವಾಹನಕ್ಕೆ, ವಸ್ತುವಿಗೆ 1,000 ಡಾಲರ್‌ಗಿಂತ ಜಾಸ್ತಿ ನಷ್ಟವಾದರೂ 10 ದಿನದೊಳಗೆ ಡಿಎಂವಿಗೆ ಎಸ್‌ಆರ್-1 ಅನ್ನುವ ಅಪಘಾತ ವರದಿಯ ಫಾರ್ಮ್ ಕೊಡಬೇಕು. ಡಿಎಂವಿ ಅಂದರೆ ನಮ್ಮ ಆರ್‌ಟಿಒ ಇದ್ದಂತೆ. ಬಂಪರ್ ಬದಲಿಸಿ ಬಣ್ಣ ಹೊಡೆಸುವಷ್ಟರಲ್ಲೇ 1,000 ಡಾಲರ್ ದಾಟಿಬಿಡುತ್ತದೆ.

ಮೊದಲ ವರ್ಷ ಸಿಗ್ನಲ್‌ನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಒಬ್ಬರು ಗುದ್ದಿದರು. ಪೊಲೀಸರು ಬಂದು ಬರೆದುಕೊಂಡು ಹೋದರು. ತಪ್ಪು ನನ್ನದಲ್ಲ, ಪೊಲೀಸರೂ ಬರೆದುಕೊಂಡಿದ್ದಾರೆ, ಇನ್ನೇನು ಅಂತ ಸುಮ್ನೆ ಕೂತೆ. ಒಂಬತ್ತನೇ ದಿನ ಆಫೀಸಿನ ಗೆಳತಿ ಕೇಳಿದಳು, ಎಸ್‌ಆರ್-1 ಕೊಟ್ಟೆಯಾ ಅಂತ. ಎದೆ ಧಸಕ್ ಅಂತು. ಅವತ್ತು ರಾತ್ರಿಯೇ ಆನ್‌ಲೈನ್‌ನಲ್ಲಿ ತುಂಬಿದೆ.

ಪೊಲೀಸರ ವರದಿ ಬೇರೆ, ಇದು ಬೇರೆ. ತಪ್ಪು ಯಾರದೇ ಇರಲಿ, ಪೆಟ್ಟಾದದ್ದು ಅಂಗಡಿಯ ಪಾರ್ಕಿಂಗ್‌ನಲ್ಲೇ ಆಗಿರಲಿ, ಪ್ರತಿ ಡ್ರೈವರ್ ತನ್ನದನ್ನು ತಾನು ಕೊಡಬೇಕು. ನಿಮ್ಮ ಇನ್ಶೂರೆನ್ಸ್ ಏಜೆಂಟ್ ನಿಮ್ಮ ಪರವಾಗಿ ಕೊಡಬಹುದು. ಕೊಟ್ಟರೋ ಇಲ್ಲವೋ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಕೊಡದಿದ್ದರೆ ಲೈಸನ್ಸ್ ಅಮಾನತಾಗಬಹುದು. ಕಾರಿಲ್ಲದೆ ಹಾಲು ತರುವುದೂ ಕಷ್ಟವಾದ ಊರುಗಳು ಅಲ್ಲಿ ಬಹಳ.

ಫಾರ್ಮ್ ಅಂದರೆ ಕಂಪ್ಲೇಂಟ್ ಅಲ್ಲ, ಹೆದರಬೇಡಿ. ಎಲ್ಲಿ, ಯಾವಾಗ ಆಯಿತು, ಎದುರಿನವರ ಹೆಸರು, ವಿಳಾಸ, ಲೈಸನ್ಸ್ ನಂಬರ್, ಕಾರಿನ ನಂಬರ್, ಇನ್ಶೂರೆನ್ಸ್ ಪಾಲಿಸಿ ನಂಬರ್ ಕೇಳುತ್ತಾರೆ. ಇದನ್ನೆಲ್ಲ ಜಾಗದಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಸಿಗುವುದಿಲ್ಲ. ಎದುರಿನವರು ಕ್ಯಾಶ್ ಕೊಡುತ್ತೇನೆ, ಬರೆಯುವುದು ಬೇಡ ಅಂದರೆ ಒಪ್ಪಬೇಡಿ. ನಮ್ಮ ಕಡೆಯ ರೂಢಿಯಂತೆ "ತಪ್ಪಾಯ್ತು ಬಿಡ್ರಿ" ಅನ್ನಲೂ ಬೇಡಿ. ತಪ್ಪು ಯಾರದು ಅಂತ ಇನ್ಶೂರೆನ್ಸ್‌ನವರು ನೋಡಿಕೊಳ್ಳುತ್ತಾರೆ. ಗಾಯವಾಗಿದ್ದರೆ ಮೊದಲು ಅಲ್ಲಿಯ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಪೊಲೀಸರು ಬರದಿದ್ದರೆ 24 ಗಂಟೆಯೊಳಗೆ ನೀವೇ ಅವರಿಗೆ ವರದಿ ಕೊಡಬೇಕು. ನಿಂತ ಕಾರಿಗೆ ತಾಗಿಸಿ, ಮಾಲೀಕರು ಸಿಗದಿದ್ದರೆ, ಹೆಸರು, ವಿಳಾಸ, ಏನಾಯಿತು ಅಂತ ಚೀಟಿ ಬರೆದಿಟ್ಟು ಪೊಲೀಸರಿಗೂ ತಿಳಿಸಿ. ಹಾಗೇ ಹೊರಟರೆ ಅದು ಅಪರಾಧ.

ಬೇರೆ ರಾಜ್ಯಕ್ಕೆ ಹೋಗುವವರು ಅಲ್ಲಿಯ ನಿಯಮ ನೋಡಿಕೊಳ್ಳಿ. ನ್ಯೂಯಾರ್ಕ್‌ನಲ್ಲೂ 10 ದಿನ, 1,000 ಡಾಲರ್ ಅಂತಲೇ ಇದೆ. ಆದರೆ ಫಾರ್ಮಿನ ಹೆಸರು ಎಂವಿ-104.